ಟೈಲರ್ ಅಂಗಡಿಯ ಇಟಲಿ ಗಿಟಾರು

ಕೆಲವರಿಗೆ ಸಂಗೀತ ಗಂಟಲಲ್ಲಿರುತ್ತದೆ, ಕೆಲವರಿಗೆ ಬೆರಳಲ್ಲಿ. ನನಗೆ ಅದು ಇದ್ದದ್ದು ಆಸೆಯಲ್ಲಿ ಮಾತ್ರ. ಆಸೆಗೆ ಶ್ರುತಿ ಬೇಕಾಗಿಲ್ಲವಲ್ಲ, ಹಾಗಾಗಿ ಮೂವತ್ತೆರಡು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಕಡಬದ ಕಡೆ ಪಶು ಆಸ್ಪತ್ರೆಯೊಂದರಲ್ಲಿ ಕಂಪೌಂಡರ್ ಆಗಿದ್ದಾಗ, ನಾನೊಂದು ಗಿಟಾರು ಕೊಂಡೆ. ಅದೂ ಇಟಲಿಯದ್ದು. ಇದನ್ನು ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೈ ನೋಡುತ್ತಾರೆ. ದನದ ದವಡೆ ಅಗಲಿಸಿ ಬಿದಿರಿನ ಗೊಟ್ಟದಲ್ಲಿ ಔಷಧ ಹೊಯ್ಯುತ್ತಿದ್ದ ಕೈ ಅದು. ಅವರ ಸಂಶಯ ತಪ್ಪಲ್ಲ.

ಕೊಂಡದ್ದಕ್ಕೆ ಕಾರಣವಿತ್ತು. ಆ ವರ್ಷ ನಮ್ಮ ಮೊದಲ ಮಗು ಹುಟ್ಟಿದ ಮೂರನೆಯ ದಿನ ತೀರಿಕೊಂಡಿತ್ತು. ಬೆಳ್ಳಾರೆಯ ತವರಿನಿಂದ ಹಿಂದಿರುಗಿದ ನನ್ನ ಹೆಂಡತಿ ಶಾರದೆ ಮನೆಗೆಲಸವನ್ನೆಲ್ಲ ಮೊದಲಿನಂತೆಯೇ ಮಾಡುತ್ತಿದ್ದಳು. ಮಾತು ಮಾತ್ರ ಬಿಟ್ಟಿದ್ದಳು. "ಊಟಕ್ಕೆ ಬನ್ನಿ", "ಬಾಗಿಲು ಹಾಕಿ", ಇಷ್ಟೆ. ಅಡುಗೆ ಮಾಡುವಾಗ ಭಜನೆ ಗುನುಗುವ ಅಭ್ಯಾಸವಿತ್ತು, ಅದೂ ನಿಂತಿತ್ತು. ನಾನೂ ಮಾತುಗಾರನಲ್ಲ. ದನಗಳಿಗಾದರೆ ಏನಾದರೂ ಹೇಳಿ ಸಮಾಧಾನ ಮಾಡುತ್ತೇನೆ, ಮನುಷ್ಯರ ಮುಂದೆ ನಾಲಿಗೆ ಏಳುವುದಿಲ್ಲ. ಸಂಜೆ ಇಬ್ಬರೂ ಕೂತರೆ ಗೋಡೆಯ ಗಡಿಯಾರವೇ ಮನೆಯಲ್ಲೆಲ್ಲ ದೊಡ್ಡ ಬಾಯಿಯ ಪ್ರಾಣಿ.

ಹೀಗಿರುವಾಗ ಆಸ್ಪತ್ರೆಯ ಔಷಧಿ ಪೆಟ್ಟಿಗೆ ತರಲು ಪುತ್ತೂರಿಗೆ ಹೋದೆ. ಬಸ್ಸಿಗೆ ಹೊತ್ತಿತ್ತೆಂದು ಪ್ಯಾಂಟಿನ ಅಳತೆ ಕೊಡಲು ಪಾಸ್ಕಲ್ ಟೈಲರನ ಅಂಗಡಿ ಹೊಕ್ಕೆ. ಅವನ ಹಿಂದೆ ಗೋಡೆಯ ಮೊಳೆಯಲ್ಲಿ ಗಿಟಾರು ತೂಗುತ್ತಿತ್ತು. ಅದರ ಕುತ್ತಿಗೆಗೆ ಅಳತೆ ಟೇಪು ನೇತು ಹಾಕಿದ್ದ.

"ಅಣ್ಣ ಹಡಗಿನಲ್ಲಿ ಅಡುಗೆಗೆ ಇದ್ದನಲ್ಲ ಮಾರಾಯ್ರೆ, ಇಟಲಿಯ ಬಂದರಿನಲ್ಲಿ ಹಳೆ ಸಾಮಾನಿನ ಅಂಗಡಿಯಿಂದ ತಂದದ್ದು" ಎಂದ. "ಈಗ ಅವನಿಗೆ ಬೆರಳು ಬಗ್ಗುದಿಲ್ಲ. ಬೇಕಾದ್ರೆ ತೆಗೊಂಡು ಹೋಗಿ. ಎರಡು ಪ್ಯಾಂಟಿನ ಹೊಲಿಗೆಯಷ್ಟು ಕೊಟ್ರೆ ಸಾಕು."

"ಇಟಲಿಯದ್ದು ಇಷ್ಟು ಕಡಿಮೆಗಾ?"

"ಇಟಲಿಯಲ್ಲಿ ಬಡವರಿಲ್ವಾ? ಇದು ಅವರದ್ದು. ನಿಮಗೆ ಬಾರಿಸ್ಲಿಕ್ಕೆ ಬರ್ತದಾ?"

"ಇಲ್ಲ."

"ಒಳ್ಳೆದಾಯ್ತು. ಹಾಗಾದ್ರೆ ಇದರ ದೋಷ ಎಂತದ್ದೂ ನಿಮಗೆ ಗೊತ್ತಾಗುದಿಲ್ಲ."

ಇಷ್ಟು ಪ್ರಾಮಾಣಿಕವಾಗಿ ನನಗೆ ಯಾರೂ ಯಾವುದನ್ನೂ ಮಾರಿದ್ದಿಲ್ಲ. ಗಿಟಾರಿನ ಹೊಟ್ಟೆಯೊಳಗೆ ಹಳದಿಗಟ್ಟಿದ ಚೀಟಿಯಲ್ಲಿ ಇಟಲಿಯ ಕತಾನಿಯಾ ಎಂಬ ಊರಿನ ಹೆಸರಿತ್ತು. ಅಂಚಿನ ಮುತ್ತಿನ ಬಣ್ಣದ ಪಟ್ಟಿ ಎರಡು ಕಡೆ ಎದ್ದು ಬಂದಿತ್ತು. ಪಾಸ್ಕಲ್ ಯಾರದ್ದೋ ಲಂಗದ ಉಳಿದ ಹೂಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದುಕೊಟ್ಟ. ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿ, "ಎಂತ ಕಂಪೌಂಡ್ರೆ, ಇದು ಯಾವ ಎಮ್ಮೆಗೆ ಚುಚ್ಚುವ ಸೂಜಿ?" ಎಂದು ಗಟ್ಟಿಯಾಗಿ ಕೇಳಿದ. ಕಡಬ ಮುಟ್ಟುವವರೆಗೂ ಬಸ್ಸಿನ ನಗು ನಿಲ್ಲಲಿಲ್ಲ.

ಮನೆಯಲ್ಲಿ ಶಾರದೆ ಚೀಲದ ಹೂಗಳನ್ನು ನೋಡಿದಳು. "ಎಂತ ಇದು?"

"ಗಿಟಾರು."

"ಯಾರದ್ದು?"

"ನಮ್ಮದು."

ಅವಳು ಒಳಗೆ ಹೋಗಿ ಗಂಜಿ ಬಸಿದಳು. ಆದರೂ ಒಂದೇ ಸಲಕ್ಕೆ ಎರಡು ಪ್ರಶ್ನೆ ಕೇಳಿದ್ದಳು. ನಾನು ಅಷ್ಟಕ್ಕೇ ಗೆದ್ದೆನೆಂದುಕೊಂಡೆ.

ಮರುದಿನದಿಂದ ಜಗಲಿಯಲ್ಲಿ ನನ್ನ ಸಾಧನೆ ಸುರುವಾಯಿತು. ನನಗೆ ಗೊತ್ತಿದ್ದದ್ದು ಶಾರದೆಯ ಬಾಯಲ್ಲಿ ಕೇಳಿದ್ದ ಒಂದು ಭಜನೆಯ ಎರಡು ಸಾಲು. ಅದನ್ನೇ ತಂತಿಯಲ್ಲಿ ಹುಡುಕತೊಡಗಿದೆ. ಗಿಟಾರಿನ ಕುತ್ತಿಗೆ ಬಿಲ್ಲಿನಂತೆ ಬಾಗಿತ್ತು. ತಂತಿಗಳು ಎಷ್ಟು ಎತ್ತರದಲ್ಲಿದ್ದವೆಂದರೆ ಅವುಗಳ ಅಡಿಯಲ್ಲಿ ಇಲಿಯೊಂದು ತಲೆ ತಗ್ಗಿಸದೆ ಓಡಬಹುದಿತ್ತು. ಒತ್ತಿ ಒತ್ತಿ ಬೆರಳ ತುದಿ ಒಡೆಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಗೆ ಹೋದರೆ ಕೋಡಿಂಬಾಳದ ಅಜ್ಜರೊಬ್ಬರು, "ನಿಮಗೇ ಹುಷಾರಿಲ್ಲ, ನನ್ನ ದನವನ್ನು ಎಂತ ನೋಡ್ತೀರಿ?" ಎಂದು ಹಗ್ಗ ಹಿಡಿದು ಹೊರಟೇಬಿಟ್ಟರು. ಎರಡು ತಿಂಗಳಾದರೂ ಆ ಸಾಲು ಎಲ್ಲಿಂದ ಹೊರಟರೂ ಒಂದೇ ಕಡೆ ಎಡವಿ ಬೀಳುತ್ತಿತ್ತು.

ಒಂದು ಸಂಜೆ ಹಾಗೆ ಬಿದ್ದಾಗ ಅಡುಗೆಮನೆಯಿಂದ ಧ್ವನಿ ಬಂತು. "ಅದು ಅಲ್ಲಿ ಮೇಲೆ ಹೋಗ್ಬೇಕು. ನೀವು ಕೆಳಗೆ ಇಳಿದಿರಿ."

"ಎಲ್ಲಿ?" ಎಂದೆ.

ತೆಂಗಿನಕಾಯಿ ತುರಿದ ಕೈಯಲ್ಲೇ ಬಾಗಿಲ ಬಳಿ ಬಂದು ನಿಂತಳು. ಆ ಒಂದು ಸಾಲನ್ನು ಸಣ್ಣದಾಗಿ ಹಾಡಿ ತೋರಿಸಿದಳು. ಏಳು ತಿಂಗಳ ನಂತರದ ಹಾಡು. ಅವಳ ಧ್ವನಿ ಮಧ್ಯದಲ್ಲಿ ಸ್ವಲ್ಪ ಒಡೆಯಿತು, ಆದರೂ ಮುಗಿಸಿಯೇ ನಿಲ್ಲಿಸಿದಳು. ನಾನು ಮತ್ತೆ ಬಾರಿಸಿದೆ, ಮತ್ತೆ ಅದೇ ತಪ್ಪು. ಅವಳು ಮತ್ತೆ ಹಾಡಿದಳು. ಸುಳ್ಳೇಕೆ ಹೇಳಲಿ, ಮೊದಲ ಸಲ ಗೊತ್ತಿಲ್ಲದೆ ತಪ್ಪಿದ್ದು, ಎರಡನೆಯ ಸಲ ಬೇಕೆಂದೇ.

ಅಂದಿನಿಂದ ತಪ್ಪುವುದೇ ನನ್ನ ಕಸುಬಾಯಿತು. ದಿನಕ್ಕೊಂದು ಕಡೆ ತಪ್ಪುತ್ತಿದ್ದೆ. ಅವಳು ಬಂದು ತಿದ್ದುತ್ತಿದ್ದಳು, ಬೈಯುತ್ತಿದ್ದಳು, ಬೈದ ಮೇಲೆ ಬೆಳ್ಳಾರೆಯ ಸುದ್ದಿ ಹೇಳುತ್ತಿದ್ದಳು. ಒಂದು ದಿನ ಮಾತ್ರ ಮಗುವಿನ ಬಗ್ಗೆ ಹೇಳಿದಳು. "ಅದಕ್ಕೆ ನಿಮ್ಮದೇ ಕಿವಿ ಇತ್ತು" ಎಂದು ಅತ್ತಳು. ನಾನೂ ಅತ್ತೆ. ಗಿಟಾರು ಮಡಿಲಲ್ಲೇ ಇತ್ತು, ಬದಿಗಿಡಲು ಇಬ್ಬರಿಗೂ ನೆನಪಾಗಲಿಲ್ಲ.

ಒಮ್ಮೆ ಧೂಳು ಒರೆಸುವಾಗ ತಂತಿಗಳ ಅಡಿಯ ಮರದ ತುಂಡು ಅವಳ ಕೈಗೆ ತಾಗಿ ಜಾರಿತು. ವೀಣೆಯ ಹಾಗೆ ಇದಕ್ಕೂ ಅದನ್ನು ಕುದುರೆ ಎನ್ನಬಹುದೇನೋ. ಅಂಟಿಸಿದ್ದಲ್ಲ, ಸುಮ್ಮನೆ ನಿಲ್ಲಿಸಿದ್ದು; ಅದು ಜಾಗ ತಪ್ಪಿದರೆ ಸ್ವರವೂ ತಪ್ಪುತ್ತದೆ. ಇಷ್ಟು ದಿನ ದನ ಎಮ್ಮೆಗಳೊಡನೆ ಬದುಕಿದ ನನಗೆ ಈ ಕುದುರೆ ನಡೆಯುತ್ತದೆಂದು ಗೊತ್ತೇ ಇರಲಿಲ್ಲ. ಶಾರದೆ ಕಿವಿಯಾನಿಸಿ, ಅದನ್ನು ಎಳ್ಳಷ್ಟೆಳ್ಳಷ್ಟೇ ಸರಿಸುತ್ತ, ತಂತಿ ಮೀಟುತ್ತ ಅರ್ಧ ಗಂಟೆ ಕೂತಳು. ಕೊನೆಗೆ ಇಟಲಿಯ ಬಡವನ ಗಿಟಾರು ಮೊದಲ ಸಲ ಸರಿಯಾಗಿ ಬಾಯಿ ಬಿಟ್ಟಿತು. ತಪ್ಪೆಲ್ಲ ಗಿಟಾರಿನದ್ದೆಂದು ಹೇಳುವ ಅನುಕೂಲವೂ ಅಂದಿಗೆ ಹೋಯಿತು.

ಆ ಸಂಜೆ ಅವಳನ್ನು ಮೆಚ್ಚಿಸಲೇಬೇಕೆಂದು ಬೆವರು ಸುರಿಸಿ, ಇದ್ದ ಜಾಣ್ಮೆಯನ್ನೆಲ್ಲ ಬೆರಳಿಗೆ ತಂದು ಎರಡೂ ಸಾಲು ಬಾರಿಸಿದೆ. ಶಾರದೆ ಕೊನೆಯವರೆಗೆ ಕೇಳಿ ನಕ್ಕಳು.

"ನೀವು ಬೇಕೂಂತಲೇ ತಪ್ಪುದು ನನಗೆ ಯಾವಾಗಲೋ ಗೊತ್ತುಂಟು. ಸಾಕು ಇನ್ನು ಆ ನಾಟಕ. ಒಮ್ಮೆ ಸರಿಯಾಗಿ ಬಾರಿಸಿ ನೋಡುವ."

ಸರಿಯಾಗಿ ಬಾರಿಸಿದ್ದು ಅದೇ ಎಂದು ನಾನು ಅವಳಿಗೆ ಈವರೆಗೂ ಹೇಳಿಲ್ಲ.