ಟವಲು ಹಾಕಿದ ವಿಮಾನ

ಪ್ರಭಾಕರನ್ ವಿಮಾನ ಹತ್ತಿದವನಲ್ಲ. ಆದರೂ ವಿಮಾನದ ಟಿಕೆಟ್ ತೆಗೆಯುವ ಆ್ಯಪು ನೋಡಲು ಹೇಗಿರಬೇಕು, ಎಲ್ಲಿ ಒತ್ತಿದರೆ ಏನಾಗಬೇಕು ಎಂದು ಬರೆದು ಬಣ್ಣ ತುಂಬುವುದೇ ಅವನ ಕೆಲಸ. ಮೊದಲು ಕಂಬೈನಲ್ಲೂರಿನಲ್ಲಿ ಮದುವೆಯ ಫ್ಲೆಕ್ಸ್ ಮಾಡುತ್ತಿದ್ದ. ಈಗ ಜಗಲಿಯ ಮೇಲೆ ಕೂತು ಸೇಲಂ ಕಂಪನಿಗೆ ದುಡಿಯುತ್ತಾನೆ.

ಅಂದು ಬೆಳಿಗ್ಗೆ ಮಾಲೀಕ ಪಳನಿಯಪ್ಪನ್ ಫೋನ್ ಮಾಡಿದರು.

“ತಂಬಿ, ನಾಳೆ ಚೆನ್ನೈನಲ್ಲಿ ವಿಮಾನದವರಿಗೆ ನಮ್ಮ ಆ್ಯಪ್ ತೋರಿಸ್ಬೇಕು. ಇವತ್ತು ನಿಮ್ಮೂರ ಜನದ ಕೈಗೆ ಕೊಟ್ಟು ನೋಡು. ನಾಳೆ ಬೆಳಿಗ್ಗೆ ಸೇಲಂನಿಂದ ಹೊರಡೋ ನಿಜವಾದ ವಿಮಾನಕ್ಕೇ ಜೋಡಿಸಿದೀನಿ. ಈಗ ದುಡ್ಡು ಕಟ್ಟೋದು ಬೇಡ, ಒತ್ತಿದವರಿಗೆ ಸೀಟು ಹಿಡಿದಿಟ್ಟಿರ್ತದೆ. ಯಾರೂ ಹೇಳಿಕೊಡದೆ ಅವರೇ ಸೀಟು ಹಿಡಿದ್ರೆ, ನಾಳೆ ನೀನೂ ನನ್ ಜೊತೆ ವಿಮಾನದಲ್ಲೇ ಬರ್ತೀಯ. ಇಲ್ಲಾಂದ್ರೆ ವಾಪಸ್ ಫ್ಲೆಕ್ಸೇ.”

ಪ್ರಭಾಕರನ್ ಒಳ್ಳೆಯ ಅಂಗಿಯನ್ನು ಒಗೆದು ಹರವಿ ಬೀದಿಗಿಳಿದ.

ಎದುರುಮನೆಯ ಸಿದ್ದಲಕ್ಷ್ಮಮ್ಮ ಚೆನ್ನೈನಲ್ಲಿರುವ ಮಗಳು ಮೇನಕಾಳ ಮನೆಗೆ ಹೊರಡಲೆಂದು ಮುರುಕು ಕರಿಯುತ್ತಿದ್ದಳು. ಎಣ್ಣೆಗೈಯಲ್ಲೇ ಫೋನ್ ಇಸಿದುಕೊಂಡಳು.

“ಗಂಡೋ ಎಣ್ಣೋ ಅಂತ ಕೇಳ್ತೈತಲ್ಲಪ್ಪ. ನೋಡಿದ್ರೆ ಗೊತ್ತಾಗಕಿಲ್ವಾ ಇದಕ್ಕೆ?”

“ಅದಕ್ಕೆ ಕಣ್ಣಿಲ್ಲ ಅಜ್ಜಿ.”

“ಕಣ್ಣಿಲ್ದೋರ ಕೈಗೆ ವಿಮಾನ ಕೊಡ್ತಾರಾ?”

ಅವನು ಆ ಪ್ರಶ್ನೆಯನ್ನು ಅಳಿಸಿದ. ಮುಂದಿನದು, ಬರೀ ಹೋಗುವುದೋ, ಹೋಗಿ ಬರುವುದೋ ಎಂದು ಕೇಳುವ ಪುಟ. ಅಜ್ಜಿಯ ಕೈಯಲ್ಲಿದ್ದ ಜಾಲರಿ ಬಾಣಲೆಯ ಮೇಲೆ ಹಾಗೇ ನಿಂತಿತು.

“ಬರೀ ಓಗೋದು ಸುಡುಗಾಡಿಗೆ ಕಣ್ಲಾ. ಒರಡೋ ಒತ್ತಲ್ಲಿ ಇಂಥ ಮಾತು ಕೇಳ್ತಾರಾ?”

ಅದೂ ಅಳಿಯಿತು. ಹಾಲಿನ ಕ್ಯಾನ್ ಇಳಿಸಿ ಬಂದ ಪಕ್ಕದ ಮನೆಯ ಚಿಕ್ಕಣ್ಣ ಇಣುಕಿ ನೋಡಿದ.

“ಇದೇನ್ಲಾ, ಮೊಟ್ಟೆ ಜೋಡಿಸೋ ರಟ್ಟು ಇದ್ದಂಗೈತೆ?”

“ಅವು ಸೀಟು ಮಾವ. ಬೇಕಾದ್ದನ್ನ ಒತ್ತು.”

ಚಿಕ್ಕಣ್ಣ ಒತ್ತಿದ. ಸೀಟು ಹಸಿರಾಯಿತು.

“ಅಸಿರು ಅಂದ್ರೆ ಕಾಲಿ ಐತೆ ಅಂತಲಾ?”

“ಇಲ್ಲ ಮಾವ, ನಿಂದಾಯ್ತು ಅಂತ.”

“ನಂದು ಅಂತ ಬ್ಯಾರೆಯೋರಿಗೆ ಎಂಗ್ ಗೊತ್ತಾಗ್ತದೆ? ಟವಲ್ ಎಲ್ಲಿ ಆಕೋದು?”

ಪ್ರಭಾಕರನ್ನನ ತಲೆ ಬೆಕ್ಕಿನ ಬಾಯಿಗೆ ಸಿಕ್ಕ ನೂಲಿನ ಉಂಡೆಯಾಯಿತು. ಆದರೆ ಪ್ರಶ್ನೆ ನ್ಯಾಯವಾದದ್ದೇ. ಆ ಕಡೆ ಬಸ್ಸಿನ ಗಾಲಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲು ಹಾರುತ್ತದೆ. ಟವಲು ಬಿದ್ದ ಸೀಟನ್ನು ಕಲೆಕ್ಟರ್ ಬಂದರೂ ಮುಟ್ಟುವುದಿಲ್ಲ. ಅವನು ಹಸಿರು ಅಳಿಸಿ, ಕೆಂಪು ಅಂಚಿನ ಟವಲೊಂದನ್ನು ಬರೆದು, ಒತ್ತಿದರೆ ಅದು ಹಾರಿ ಸೀಟಿನ ಮೇಲೆ ಬೀಳುವಂತೆ ಮಾಡಿದ. ಪಕ್ಕದಲ್ಲೇ ‘ತೆಗೆ’ ಎಂಬ ಗುಂಡಿಯನ್ನೂ ಇಟ್ಟ.

ಸಿದ್ದಲಕ್ಷ್ಮಮ್ಮನಿಗೆ ಅದೂ ಹಿಡಿಸಲಿಲ್ಲ. “ಆಕಿದ್ ಟವಲ್ ತೆಗಿಯಾಕೂ ಗುಂಡಿಯಾ? ಊರೋರ್ಗೆ ಜಗಳ ತಂದಿಡಬೇಕಾ ನಿಂಗೆ?”

‘ತೆಗೆ’ಯನ್ನೇ ತೆಗೆದ. ಕೊನೆಗೆ ಉಳಿದದ್ದು ಸೀಟುಗಳು, ಒಂದು ಟವಲು, ಅಷ್ಟೇ. ಅಜ್ಜಿ ಯಾರನ್ನೂ ಕೇಳದೆ ಕಿಟಕಿಯ ಪಕ್ಕಕ್ಕೆ ಟವಲು ಹಾಕಿ ಮತ್ತೆ ಮುರುಕಿನ ಕಡೆ ತಿರುಗಿದಳು. ಬೀದಿಯವರೆಲ್ಲ ತಮ್ಮ ತಮ್ಮ ಫೋನಿಗೆ ಹಾಕಿಸಿಕೊಂಡರು. ಚಿಕ್ಕಣ್ಣ ಕೊಳತ್ತೂರಿನ ನಂಟರಿಗೂ ಕಳಿಸಿದ. ಅಲ್ಲಿಂದಲೂ ಟವಲುಗಳು ಹಾರಿ ಬಂದು ಬಿದ್ದವು.

ಮಧ್ಯಾಹ್ನ ಕಳೆದ ಮೇಲೆ ಮಾಲೀಕರ ಫೋನ್ ಬಂತು. “ಬಹಳ ಚೆನ್ನಾಗೈತೆ ತಂಬಿ. ಒಬ್ಬರೂ ಎಡವಿಲ್ಲ. ಇನ್ನು ಒಂದು ಗೆರೆಯನ್ನೂ ಮುಟ್ಟಬೇಡ. ಹಿಂಗೇ ತೋರಿಸೋದು, ಆ್ಯಪಿಗೆ ಬೀಗ ಹಾಕ್ಸಿದೀನಿ.”

“ನನ್ನ ಟಿಕೆಟ್ ಸಾರ್?”

“ಅದಕ್ಕೇ ಫೋನ್ ಮಾಡಿದೆ. ವಿಮಾನ ತುಂಬೋಗೈತೆ. ನಂದು ಮೊದ್ಲೇ ತಗೊಂಡಿದ್ದೆ. ಯಾರಾದ್ರೂ ಒಬ್ರು ಟವಲ್ ತೆಗೆದ್ರೆ ಆ ಸೀಟು ನಿಂದು. ಇಲ್ಲಾಂದ್ರೆ ಸಾಯಂಕಾಲದ ರೈಲಿಗೆ ಬಾ.”

ಪ್ರಭಾಕರನ್ ಚಿಕ್ಕಣ್ಣನ ಮನೆಗೆ ಓಡಿದ. “ಮಾವ, ನೀನು ಚೆನ್ನೈಗೆ ಓಗ್ತೀಯಾ?”

“ನಾನ್ಯಾಕ್ಲಾ ಓಗ್ಲಿ? ಆಲು ಯಾರು ಕರೀತಾರೆ?”

“ಮತ್ತೆ ಟವಲ್ ಆಕಿದೀಯಲ್ಲ?”

“ಇರ್ಲಿ ಬಿಡು. ನಮ್ಮೋರು ಯಾರಾದ್ರೂ ಓಗಬೋದು. ಆಕಿದ್ಮೇಲೆ ತೆಗೆದ್ರೆ ನಾಲ್ಕ್ ಜನ ಏನಂತಾರೆ?”

ಬೀದಿಯುದ್ದಕ್ಕೂ ಇದೇ ಉತ್ತರ. ಸಿದ್ದಲಕ್ಷ್ಮಮ್ಮನ ಬಾಗಿಲಿಗೆ ಮಾತ್ರ ಬೀಗ. ಪ್ರಭಾಕರನ್ ಇನ್ನೂ ಒದ್ದೆಯಿದ್ದ ಅಂಗಿಯನ್ನು ತೊಟ್ಟು ಮೊರಪ್ಪೂರಿಗೆ ಹೋಗಿ ರೈಲು ಹತ್ತಿದ. ಒಳಗೆ ಜನವೋ ಜನ. ಹಾಗೂ ಹೀಗೂ ನುಸುಳಿದರೆ ಕಿಟಕಿಯ ಪಕ್ಕ ಮುರುಕು ಮುರಿಯುತ್ತ ಸಿದ್ದಲಕ್ಷ್ಮಮ್ಮ ಕೂತಿದ್ದಳು.

“ಅಜ್ಜಿ, ನೀನು ವಿಮಾನಕ್ಕೆ ಟವಲ್ ಆಕಿದ್ಯಲ್ಲಾ?”

“ಅದಕ್ಕೂ ಆಕಿದೀನಿ, ಇದಕ್ಕೂ ಆಕಿದೀನಿ. ಯಾವುದ್ ಮೊದ್ಲು ಬತ್ತೈತೋ ಅದ್ರಲ್ಲಿ ಓಗೋದು.”

ಪ್ರಭಾಕರನ್ನನ ಎದೆ ಹಿಗ್ಗಿತು. “ಅಂಗಾದ್ರೆ ವಿಮಾನದ್ದು ತೆಗೆದುಬಿಡು ಅಜ್ಜಿ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ಸೇಲಂಗೆ ವಾಪಸ್ ಓಗ್ತೀನಿ.”

ಅಜ್ಜಿ ಚಿಕ್ಕಣ್ಣನಂತಲ್ಲ. ಸೆರಗಿಗೆ ಕೈ ಒರಸಿ, ಚೀಲದಿಂದ ಫೋನ್ ತೆಗೆದು ಕೊಟ್ಟಳು. “ನಿಂಗೆ ಅಂದ್ಮೇಲೆ ತೆಗಿಯಾಕೇನಪ್ಪ. ಎಲ್ಲಿ ಒತ್ತಬೇಕು ತೋರ್ಸು.”

ಅವನು ನೋಡಿದ. ಸೀಟುಗಳಿದ್ದವು. ಟವಲು ಇತ್ತು. ಫೋನನ್ನು ಅಡ್ಡ ತಿರುಗಿಸಿದ, ಉದ್ದ ತಿರುಗಿಸಿದ. ಸೀಟುಗಳಿದ್ದವು. ಟವಲು ಇತ್ತು.

“ಗುಂಡಿ ಇಲ್ಲ ಅಜ್ಜಿ.”

“ಇದನ್ನ ಮಾಡಿದೋನು ನೀನೇ ಅಲ್ವೇನ್ಲಾ?”

ಅವನು ಫೋನ್ ಹಿಂದಕ್ಕೆ ಕೊಟ್ಟು, ಸೋತು ಅವಳ ಪಕ್ಕದಲ್ಲಿ ಕುಸಿಯಲು ಹೋದ.

“ಏಯ್, ಅಲ್ ಕೂರ್ಬೇಡ. ಟವಲ್ ಕಾಣಕಿಲ್ವಾ? ಜೋಲಾರಪೇಟೆಲಿ ನಮ್ ದೊಡ್ಡ ಮಗಳು ಶಾಂತಿ ರೈಲು ಅತ್ತುತಾಳೆ. ತಗೋ ಮುರುಕು, ನಿಂತ್ಕೊಂಡೇ ತಿನ್ನು.”