ಬಿಳಿಮೋಡಕ್ಕೆ ಏಳು ವರ್ಷ

ಆಕಾಶ ನೋಡುವುದಕ್ಕೆ ಸಂಬಳ ಕೊಡುತ್ತಾರೆಂದರೆ ನಂಬುವವರು ಕಡಿಮೆ. ನನ್ನ ಹೆಂಡತಿಯಂತೂ ಮದುವೆಯಾಗಿ ಹನ್ನೊಂದು ವರ್ಷವಾದರೂ ನಂಬಿಲ್ಲ. ನಾನು ಹವಾಮಾನ ಕಚೇರಿಯಲ್ಲಿ ವೀಕ್ಷಕ. ಮೂರು ಗಂಟೆಗೊಮ್ಮೆ ತಾರಸಿ ಹತ್ತಬೇಕು, ಕತ್ತೆತ್ತಬೇಕು, ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ ಎಷ್ಟು ಪಾಲನ್ನು ಮೋಡ ಮುಚ್ಚಿದೆಯೆಂದು ಬರೆದಿಡಬೇಕು. ‘ಎಂಟರಲ್ಲಿ ಮೂರು’ ಎಂದು ಬರೆಯಲು ಒಂದು ನಿಮಿಷ ಸಾಕು, ನಿಜ. ಆದರೆ ಒಂದು ಮೋಡ ನಿಧಾನವಾಗಿ ಹಡಗಾಗುತ್ತಾ, ಹಡಗು ಹೋಗಿ ಮಲಗಿದ ಎಮ್ಮೆಯಾಗುತ್ತಾ, ಎಮ್ಮೆಯ ಬೆನ್ನ ಮೇಲೆ ಬಿಸಿಲು ಬೀಳುತ್ತಾ ಇರುವಾಗ ಅದನ್ನು ನಡುವೆಯೇ ಬಿಟ್ಟು ಇಳಿದು ಬರಲು ನಾನೇನು ಕಲ್ಲೇ? (ಸಂಬಳದ ಮೋಡ ಮುಗಿದ ಮೇಲೂ ನಾಲ್ಕಾರು ಮೋಡಗಳನ್ನು ಉಚಿತವಾಗಿ ನೋಡಿಯೇ ಕೆಳಗಿಳಿಯುತ್ತೇನೆ. ಇಲಾಖೆಗೆ ಇದು ತಿಳಿಯದು.)

ನನ್ನ ಹೆಂಡತಿ ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಬೆರಳುಗಳು ಕಣ್ಣಿನ ಸಹಾಯವಿಲ್ಲದೆ ಮಾತ್ರೆ ಎಣಿಸುತ್ತವೆ. ಅವಳ ಜಗತ್ತಿನಲ್ಲಿ ಎಲ್ಲಕ್ಕೂ ಪ್ರಮಾಣವಿದೆ, ಹೊತ್ತಿದೆ, ಊಟಕ್ಕೆ ಮುಂಚೆ ಅಥವಾ ನಂತರ ಎಂಬುದಿದೆ. ಹೀಗೆ ಒಂದು ಮೋಡವೂ ಒಂದು ಮಾತ್ರೆಯೂ ಸೇರಿ ಪ್ರಕಟಿಸಿದ ಏಕೈಕ ಕೃತಿಯೇ ನಮ್ಮ ಮಗಳು ಮಿಣುಕಿ. ಏಳು ವರ್ಷ. ಎರಡನೇ ತರಗತಿ. ಮೊಂಡುತನ ತಾಯಿಯದು, ಉಳಿದ ದೋಷಗಳೆಲ್ಲ ನನ್ನವು ಎಂದು ಮನೆಯಲ್ಲಿ ಎಂದೋ ತೀರ್ಮಾನವಾಗಿದೆ.

ಮಿಣುಕಿಗೆ ಕೂಡುವ ಲೆಕ್ಕ ನೀರು ಕುಡಿದಷ್ಟು ಸುಲಭ. ಕಳೆಯುವ ಲೆಕ್ಕ ಬಂದರೆ ಮಾತ್ರ ಕಣ್ಣಲ್ಲಿ ನೀರು. ಒಂದು ದಿನ ಅವಳ ಟೀಚರು ನಮ್ಮಿಬ್ಬರನ್ನೂ ಶಾಲೆಗೆ ಕರೆಸಿ ನೋಟ್‌ಬುಕ್ ತೆರೆದಿಟ್ಟರು. ಮರದ ಮೇಲೆ ಹತ್ತು ಹಕ್ಕಿಗಳಿದ್ದವು, ನಾಲ್ಕು ಹಾರಿಹೋದವು, ಉಳಿದವು ಎಷ್ಟು? ಮಿಣುಕಿಯ ಉತ್ತರ: ಹತ್ತು.

“ಯಾಕಮ್ಮಾ ಹತ್ತು?” ಎಂದೆ ನಾನು.

“ಸಂಜೆಗೆ ವಾಪಸ್ ಬರ್ತಾವಲ್ಲ ಅಪ್ಪ.”

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಂಜೆಯ ಬೆಳಕಿನಲ್ಲಿ ನಾಲ್ಕು ಹಕ್ಕಿಗಳು ಒಂದರ ಹಿಂದೊಂದು ಮರಕ್ಕೆ ಮರಳುವುದು ಕಣ್ಣ ಮುಂದೆಯೇ ಕಂಡಿತು. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿಯದಿದ್ದರೆ “ಸರಿಯುತ್ತರ” ಎಂದೇ ಬಿಡುತ್ತಿದ್ದೆ.

“ಕಳೆದದ್ದು ಎಲ್ಲಿಗೆ ಹೋಯ್ತು ಅನ್ನೋದೇ ಇವಳ ಚಿಂತೆ” ಎಂದರು ಟೀಚರು. “ಅದಕ್ಕೇ ಒಂದು ಆಟ ಇದೆ. ‘ಎಣಿಕೆ ಕೊಳ’ ಅಂತ. ನಮ್ಮ ತರಗತಿ ಮಕ್ಕಳಿಗೆ ಅದರಲ್ಲಿ ಬೇರೇನೇ ಕೊಳ ಮಾಡಿದ್ದೀನಿ. ಟ್ಯಾಬ್ಲೆಟ್ ಇದ್ರೆ ದಿನಾ ಸ್ವಲ್ಪ ಹೊತ್ತು ಆಡಿಸಿ.”

ಟ್ಯಾಬ್ಲೆಟ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಹೆಂಡತಿ ನೆಟ್ಟಗೆ ಕುಳಿತಳು. “ದಿನಕ್ಕೆ ಎಷ್ಟು ಸಲ? ಊಟಕ್ಕೆ ಮುಂಚೆನೋ ಆಮೇಲೋ?”

“ಊಟ ಆದ್ಮೇಲೆ, ಅರ್ಧ ಗಂಟೆ.”

“ಅಡ್ಡಪರಿಣಾಮ?”

ಟೀಚರು ನಗಲಿಲ್ಲ. “ಇದೆ. ಮಕ್ಕಳು ಅದರಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳಬಹುದು. ಅಪರಿಚಿತರು ಯಾರೂ ನುಗ್ಗದ ಹಾಗೆ ಪಾಸ್‌ವರ್ಡ್ ಇದೆ. ಆದ್ರೂ ಎಚ್ಚರ ಕಲಿಸಬೇಕಾದವರು ನೀವು.”

ಆ ಜವಾಬ್ದಾರಿಯನ್ನು ನಾನು ಎದೆಯುಬ್ಬಿಸಿ ಹೊತ್ತುಕೊಂಡೆ. ಅಂದು ಸಂಜೆಯೇ ಮಿಣುಕಿಯನ್ನು ಎದುರಿಗೆ ಕೂರಿಸಿಕೊಂಡು ಗೃಹ ಸಂರಕ್ಷಣಾ ಸಂಹಿತೆಯನ್ನು ಘೋಷಿಸಿದೆ. ನಿಜವಾದ ಹೆಸರು, ಮನೆ, ಶಾಲೆ ಯಾವುದನ್ನೂ ಹೇಳಕೂಡದು. ಗೊತ್ತಿಲ್ಲದವರು ಏನು ಕೊಟ್ಟರೂ ತೆಗೆದುಕೊಳ್ಳಕೂಡದು. ಯಾರಾದರೂ “ಇದು ನಮ್ಮಿಬ್ಬರಲ್ಲೇ ಇರಲಿ” ಎಂದರೆ ಆ ಕ್ಷಣವೇ ಎದ್ದು ಬಂದು ದೊಡ್ಡವರಿಗೆ ಹೇಳಬೇಕು. ಮಗಳು ಎಲ್ಲವನ್ನೂ ಬಾಯಿಪಾಠ ಮಾಡಿ ಒಪ್ಪಿಸಿದಳು. ಹೆಂಡತಿ ಅಡುಗೆಮನೆಯಿಂದ ಇಣುಕಿ, “ಪರವಾಗಿಲ್ವೇ, ಕೆಳಗೂ ನೋಡ್ತೀರಿ” ಎಂದಳು. ನಮ್ಮ ಮನೆಯಲ್ಲಿ ಇದು ಪ್ರಶಸ್ತಿಗೆ ಸಮ.

ಆ ಕೊಳವೋ, ಏನು ಹೇಳಲಿ! ತೆಳುವಾದ ಮಂಜು, ತಿಳಿನೀಲಿ ನೀರು, ಪ್ರತಿ ಮಗುವಿಗೂ ಒಂದು ದೋಣಿ. ಹತ್ತು ಬಾತುಕೋಳಿಗಳಿರುತ್ತವೆ. ನಾಲ್ಕನ್ನು ಕಳೆ ಎಂದರೆ ನಾಲ್ಕು ಮೆಲ್ಲಗೆ ಈಜಿ ಆಚೆ ದಡ ಸೇರುತ್ತವೆ. ಮಾಯವಾಗುವುದಿಲ್ಲ, ಅಲ್ಲೇ ಚಿಕ್ಕದಾಗಿ ಕಾಣುತ್ತಿರುತ್ತವೆ. ಸರಿಯುತ್ತರಕ್ಕೆ ಒಂದು ನಕ್ಷತ್ರ ಬಹುಮಾನ. ಮಿಣುಕಿ ಮೂಗನ್ನು ಪರದೆಗೆ ತಾಗಿಸಿ ನೋಡಿದಳು. “ಓ, ಆಚೆ ಇದಾವೆ!” ಎಂದಳು. ಒಂದೇ ವಾರದಲ್ಲಿ ಕಳೆಯುವ ಲೆಕ್ಕದ ಭಯ ಹೋಯಿತು.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಗಳು ನನ್ನ ಸಂಹಿತೆಯನ್ನು ನಿಜವಾಗಿ ಪಾಲಿಸುತ್ತಾಳೋ ಇಲ್ಲವೋ, ಪರೀಕ್ಷಿಸಬೇಡವೇ? ಒಂದು ಬೆಳಿಗ್ಗೆ ಅವಳ ಡೈರಿಯಲ್ಲಿದ್ದ ಪಾಸ್‌ವರ್ಡನ್ನು ಸದ್ದಿಲ್ಲದೆ ಬರೆದುಕೊಂಡೆ. ಶನಿವಾರ ಅವಳಿಗೆ ಶಾಲೆ ಅರ್ಧ ದಿನ, ನನಗೆ ಕಚೇರಿ ಪೂರ್ತಿ. ಮಧ್ಯಾಹ್ನದ ಮೋಡ ಬರೆದು ಮುಗಿಸಿ, ತಾರಸಿಯ ನೀರಿನ ತೊಟ್ಟಿಯ ನೆರಳಿನಲ್ಲಿ ಕುಳಿತು, ಮೊಬೈಲಿನಲ್ಲಿ ಕೊಳದೊಳಗೆ ಇಳಿದೆ. ಹೆಸರು ಕೇಳಿತು. ‘ಬಿಳಿಮೋಡ’ ಎಂದೆ. ವಯಸ್ಸು ಕೇಳಿತು. ಏಳು ಎಂದೆ. ಅದು ನನ್ನ ಮೀಸೆಯನ್ನು ನೋಡದೆ ನಂಬಿತು.

‘ಹಸಿರು ಕೊಡೆ’ ಎಂಬ ದೋಣಿ ನನ್ನ ಮಗಳದೆಂದು ಗೊತ್ತಿತ್ತು. ಪಕ್ಕಕ್ಕೆ ಹೋಗಿ, “ನಿನ್ನ ನಿಜವಾದ ಹೆಸರೇನು?” ಎಂದು ಬರೆದೆ.

“ಹೇಳಲ್ಲ” ಎಂದು ಉತ್ತರ ಬಂತು.

“ನಿನ್ನ ಮನೆ ಎಲ್ಲಿ?”

“ಅದೂ ಹೇಳಲ್ಲ. ಬಾತುಕೋಳಿ ಎಣಿಸೋಣ ಬಾ.”

ಹೆಮ್ಮೆಯಿಂದ ಕಣ್ಣು ಮಂಜಾಯಿತು. ಪರೀಕ್ಷೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕರೆದಿದ್ದಾಳಲ್ಲ, ಹೋಗದಿದ್ದರೆ ಹೇಗೆ? ನಮ್ಮ ದೋಣಿಗಳು ಅಕ್ಕಪಕ್ಕ ತೇಲಿದವು. ಮೇಲೆ ನಿಜವಾದ ಆಕಾಶದಲ್ಲಿ ಹತ್ತಿಯಂಥ ಮೋಡಗಳು, ಅಂಗೈಯಲ್ಲಿ ನೀಲಿ ನೀರು, ನಡುವೆ ನಾನು, ಏಳು ವರ್ಷದವನು. ಯಾವುದು ಮೇಲೆ ಯಾವುದು ಕೆಳಗೆ ಎಂಬುದೇ ಮರೆತುಹೋಯಿತು. ನಾನು ಬೇಕೆಂದೇ ಲೆಕ್ಕ ತಪ್ಪುತ್ತಿದ್ದೆ, ಅವಳು ತಾಳ್ಮೆಯಿಂದ ತಿದ್ದುತ್ತಿದ್ದಳು. (ಹದಿಮೂರರಲ್ಲಿ ಎಂಟು ಕಳೆಯುವಾಗ ಮಾತ್ರ ಬೇಕೆಂದು ತಪ್ಪಿದ್ದಲ್ಲ.) “ಹೋದ ಬಾತುಕೋಳಿಗೆ ಅಳಬೇಡ, ಆಚೆ ದಡ ನೋಡು” ಎಂದು ಅವಳು ಬರೆದಾಗ ನನಗೆ ಯಾಕೋ ತೀರಿಕೊಂಡ ನನ್ನಮ್ಮ ನೆನಪಾದಳು. ಎಷ್ಟೋ ಹೊತ್ತು ಆಚೆ ದಡವನ್ನೇ ನೋಡುತ್ತಾ ಕುಳಿತೆ.

ಹೀಗೆ ಮೂರು ಶನಿವಾರ. ಅವಳು ಮನೆಯಲ್ಲಿ ನನಗೆ ಹೇಳದ್ದನ್ನೆಲ್ಲ ಬಿಳಿಮೋಡಕ್ಕೆ ಹೇಳುತ್ತಿದ್ದಳು. ಅಲುಗಾಡುವ ಹಲ್ಲಿನ ಸಮಾಚಾರ, ಇರುವೆಗಳು ಮಾತಾಡುತ್ತವೆಯೇ ಎಂಬ ಸಂಶಯ, ಎಲ್ಲ. ಒಮ್ಮೆ, “ನೀನು ಚೆನ್ನಾಗಿ ಕೇಳಿಸ್ಕೊಳ್ತೀಯ” ಎಂದು ಬರೆದಳು. ನನ್ನ ತಲೆ ತಿರುಗಿದ್ದು ಆಗಲೇ. ಮೂರನೇ ಶನಿವಾರ, ಯಾವ ತಂದೆಯೂ ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟೆ. “ನಿನಗೆ ಅಪ್ಪ ಇಷ್ಟಾನೋ ಅಮ್ಮ ಇಷ್ಟಾನೋ?”

ದೋಣಿ ನಿಂತಿತು. “ಯಾಕೆ ಕೇಳ್ತೀಯ?”

ನನ್ನ ಬೆರಳು ಬುದ್ಧಿಯ ಅಪ್ಪಣೆ ಕೇಳಲಿಲ್ಲ. “ಸುಮ್ಮನೆ. ನಮ್ಮಿಬ್ಬರಲ್ಲೇ ಇರಲಿ. ಹೇಳಿದ್ರೆ ನನ್ನ ಮೂರು ನಕ್ಷತ್ರ ಕೊಡ್ತೀನಿ.”

ಹಸಿರು ಕೊಡೆ ಮಾಯವಾಯಿತು. ಆಚೆ ದಡದಲ್ಲೂ ಕಾಣಲಿಲ್ಲ.

ಸಂಜೆ ಮನೆಗೆ ಬಂದರೆ ಟ್ಯಾಬ್ಲೆಟ್ ಬೋರಲು ಬಿದ್ದಿತ್ತು. ಮಿಣುಕಿ ಅಮ್ಮನ ಸೆರಗು ಹಿಡಿದು ಕುಳಿತಿದ್ದಳು. ಹೆಂಡತಿಯ ಮುಖ ಎಂಟರಲ್ಲಿ ಎಂಟು ಪಾಲೂ ಮುಚ್ಚಿತ್ತು.

“ಕೊಳದಲ್ಲಿ ಯಾರೋ ಸೇರಿಕೊಂಡಿದಾರೆ. ಮಗು ಹತ್ರ ಗುಟ್ಟು ಕೇಳ್ತಿದಾರೆ. ಟೀಚರಿಗೆ ಫೋನ್ ಮಾಡಿದೀನಿ. ಸೋಮವಾರ ಎಲ್ಲ ತಂದೆ ತಾಯಿ ಬರಬೇಕಂತೆ.”

ನಾನು ಮೊಬೈಲನ್ನು ಜೇಬಿನ ಆಳಕ್ಕೆ ತಳ್ಳಿದೆ. “ಮಿಣುಕಿ, ನನಗ್ಯಾಕಮ್ಮಾ ಫೋನ್ ಮಾಡ್ಲಿಲ್ಲ?”

“ನೀನು ಮೋಡ ನೋಡ್ತಿರ್ತೀಯ ಅಪ್ಪ. ಹೇಳಿದ್ರೂ ‘ಹೂಂ’ ಅಂತೀಯ ಅಷ್ಟೆ.”

ಆಗಲೇ ಒಪ್ಪಿಕೊಳ್ಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದದ್ದು “ಹೂಂ” ಮಾತ್ರ. ಭಾನುವಾರವಿಡೀ ಅವಳು ಕೊಳದ ಹತ್ತಿರ ಸುಳಿಯಲಿಲ್ಲ. ಲೆಕ್ಕದ ಪುಸ್ತಕವನ್ನೂ ಮುಟ್ಟಲಿಲ್ಲ. ಕಿಟಕಿಯ ಹತ್ತಿರ ಕುಳಿತು, ಹಲ್ಲನ್ನು ನಾಲಿಗೆಯಿಂದ ಅಲ್ಲಾಡಿಸುತ್ತಾ ಇದ್ದಳು. ಆ ಹಲ್ಲಿನ ಬಗ್ಗೆ ಕೇಳೋಣವೆಂದರೆ, ಅದು ನನಗೆ ಗೊತ್ತಿರಬಾರದ ಹಲ್ಲು.

ಸೋಮವಾರ ಶಾಲೆಯ ಸಭಾಂಗಣ ತುಂಬಿತ್ತು. ಮಕ್ಕಳು ಮುಂದೆ ಚಾಪೆಯ ಮೇಲೆ, ನಾವು ಹಿಂದೆ. ಟೀಚರು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಕೊಳವನ್ನು ತೋರಿಸಿದರು. “ನನ್ನ ಪಟ್ಟಿಯಲ್ಲಿ ಇಪ್ಪತ್ತಾರು ಮಕ್ಕಳು. ಕೊಳದಲ್ಲಿ ಇಪ್ಪತ್ತೇಳು ದೋಣಿ.” ನನ್ನ ಮಾತುಗಳೆಲ್ಲ ಗೋಡೆಯುದ್ದಕ್ಕೂ ಒಂದೊಂದು ಅಕ್ಷರ ಕುಂಬಳಕಾಯಿಯಷ್ಟು ದಪ್ಪಗೆ ಮೂಡಿದವು. ತಾರಸಿಯಲ್ಲಿ ಮುದ್ದಾಗಿ ಕಂಡ ಮಾತುಗಳು ಆ ಗೋಡೆಯ ಮೇಲೆ ಕಳ್ಳನ ಹೆಜ್ಜೆಗಳಂತಿದ್ದವು. ಮೊದಲ ಬಾರಿಗೆ ನನಗೇ ಹೆದರಿಕೆಯಾಯಿತು.

“ಸಿಗಲಿ ಅವನು!” ಎಂದು ನನ್ನ ಪಕ್ಕ ಕುಳಿತಿದ್ದ ಒಬ್ಬ ಹುಡುಗನ ಅಪ್ಪ, ವ್ಯಾಯಾಮಶಾಲೆಯ ತರಬೇತುದಾರರು, ಮುಷ್ಟಿ ಬಿಗಿದರು. ಆ ತೋಳು ನನ್ನ ತೊಡೆಗಿಂತ ದಪ್ಪವಿತ್ತು.

“ಸಿಗಲಿ!” ಎಂದೆ ನಾನೂ, ಎಲ್ಲರಿಗಿಂತ ಜೋರಾಗಿ. ಹೆಂಡತಿ ಒಮ್ಮೆ ತಿರುಗಿ ನೋಡಿದಳು.

“ಯಾರು ಅಂತ ಗೊತ್ತಾಗದೆ ನಾನು ಮಕ್ಕಳನ್ನ ಇದರಲ್ಲಿ ಬಿಡೋಕಾಗಲ್ಲ” ಎಂದರು ಟೀಚರು. “ಇವತ್ತಿಂದ ಕೊಳ ಮುಚ್ಚಬೇಕಾಗುತ್ತೆ.”

ಚಾಪೆಯ ಮೇಲೆ ಇಪ್ಪತ್ತಾರು ಮುಖಗಳು ಒಟ್ಟಿಗೆ ಬಾಡಿದವು. ಒಂದಿಬ್ಬರು ಅಳಲು ಶುರುಮಾಡಿದರು. ಮಿಣುಕಿ ಅಳಲಿಲ್ಲ. ಮೊಣಕಾಲಿನ ಮೇಲೆ ಗಲ್ಲವಿಟ್ಟು, ಇದೆಲ್ಲ ತನ್ನಿಂದಲೇ ಆಯಿತೆಂಬಂತೆ ನೆಲ ನೋಡುತ್ತಿದ್ದಳು.

ನಾನು ಎದ್ದು ನಿಂತೆ. ಎದ್ದದ್ದು ಧೈರ್ಯದಿಂದಲ್ಲ, ಕಾಲುಗಳು ತಾವಾಗಿಯೇ ಎದ್ದವು. “ಮೇಡಂ, ಬಿಳಿಮೋಡ ನಾನೇ.”

“ಕೂತ್ಕೊಳ್ಳಿ ಸರ್” ಎಂದರು ಟೀಚರು ಮೃದುವಾಗಿ. “ಮಗಳಿಗೆ ಹೀಗಾಯ್ತಲ್ಲ, ನಿಮಗೆ ಮನಸ್ಸು ಕೆಟ್ಟಿದೆ.”

“ಪಾಪ, ನೀರು ಕೊಡಿ” ಎಂದರು ತರಬೇತುದಾರರು.

“ಇವರೇ ಮೇಡಂ.” ನನ್ನ ಹೆಂಡತಿ ಕುಳಿತಲ್ಲಿಂದಲೇ ಹೇಳಿದಳು. “ಅಲ್ಲಿ ನೋಡಿ, ‘ಇವತ್ತು ಎಂಟರಲ್ಲಿ ಮೂರು ಪಾಲು ಮೋಡ ಇದೆ’ ಅಂತ ಬರೆದಿದಾರೆ. ಯಾವ ಏಳು ವರ್ಷದ ಮಗು ಹೀಗೆ ಬರೆಯುತ್ತೆ? ಶನಿವಾರ ಟ್ಯಾಬ್ಲೆಟ್ ನೋಡಿದಾಗ್ಲೇ ಗೊತ್ತಾಯ್ತು.”

“ಗೊತ್ತಿತ್ತಾ? ಮತ್ತೆ ಯಾಕೆ ಸುಮ್ನಿದ್ದೆ?” ಎಂದು ಪಿಸುಗುಟ್ಟಿದೆ.

“ಎದ್ದು ನಿಲ್ತೀರೋ ಇಲ್ವೋ ನೋಡ್ಬೇಕಿತ್ತು. ಎರಡು ದಿನ ತಗೊಂಡ್ರಿ.”

ಸಭೆಯಲ್ಲಿ ಏನೇನು ಮಾತುಗಳು ಬಂದವೆಂದು ವಿವರಿಸಲಾರೆ. (ತರಬೇತುದಾರರು ಕೊಟ್ಟ ನೀರನ್ನು ವಾಪಸ್ ತೆಗೆದುಕೊಂಡರು ಎಂದಷ್ಟೇ ಹೇಳುತ್ತೇನೆ.) ನನಗೆ ಕೇಳಿಸಿದ್ದು ಒಂದೇ ದನಿ. ಮಿಣುಕಿ ಚಾಪೆಯಿಂದ ಎದ್ದು ಬಂದು ನನ್ನೆದುರು ನಿಂತಿದ್ದಳು.

“ನೀನು ಬಿಳಿಮೋಡ ಅಲ್ಲ. ಬಿಳಿಮೋಡಕ್ಕೆ ಏಳು ವರ್ಷ.”

“ಅದು ನಾನು ಹೇಳಿದ ಸುಳ್ಳು ಕಣಮ್ಮಾ.”

“ಇರುವೆ ಮಾತಾಡ್ತಾವಾ ಅಂತ ನಾನು ಕೇಳಿದಾಗ, ಇಡೀ ಮಧ್ಯಾಹ್ನ ಉತ್ತರ ಬರೆದಿದ್ದು?”

“ಅದು ನಾನೇ. ಅದು ಸುಳ್ಳಲ್ಲ.”

“ಹಾಗಾದ್ರೆ ಮನೇಲಿ ಯಾಕೆ ಬರೀ ‘ಹೂಂ’ ಅಂತೀಯ?”

ಹವಾಮಾನ ಇಲಾಖೆಯಲ್ಲಿ ಹದಿನಾರು ವರ್ಷ ಕಳೆದಿದ್ದೇನೆ. ಇಂಥ ಪ್ರಶ್ನೆಗೆ ಉತ್ತರ ಬರೆಯಲು ನಮ್ಮ ಯಾವ ನಮೂನೆಯಲ್ಲೂ ಜಾಗವಿಲ್ಲ. ಮಂಡಿಯೂರಿ ಕುಳಿತು, “ಬಾಯಿ ತೆರೆ, ಹಲ್ಲು ನೋಡೋಣ” ಎಂದೆ. ಅವಳು ಸ್ವಲ್ಪ ಹೊತ್ತು ಬಿಗುಮಾನ ತೋರಿಸಿ ಆಮೇಲೆ ತೆರೆದಳು. ಹಲ್ಲು ಒಂದು ದಾರದಷ್ಟರಲ್ಲಿ ನಿಂತಿತ್ತು.

ಕೊಳ ಉಳಿಯಿತು. ಪಾಸ್‌ವರ್ಡ್ ಬದಲಾಯಿತು. ಬಿಳಿಮೋಡವನ್ನು ಜೀವನಪರ್ಯಂತ ಬಹಿಷ್ಕರಿಸಲಾಯಿತು. ನನಗೆ ಟೀಚರು ವಿಧಿಸಿದ ಶಿಕ್ಷೆಯೆಂದರೆ, ಎರಡನೇ ತರಗತಿಯ ಮಕ್ಕಳ ಜೊತೆ ಆನ್‌ಲೈನ್ ಸುರಕ್ಷತೆಯ ನಾಲ್ಕು ಪಾಠಗಳಿಗೆ ಕೂರಬೇಕು, ಕೊನೆಗೆ ಪರೀಕ್ಷೆಯನ್ನೂ ಬರೆಯಬೇಕು. ಮೊಣಕಾಲು ಗಲ್ಲಕ್ಕೆ ತಾಗುವ ಕುರ್ಚಿಯಲ್ಲಿ ಕುಳಿತು ಕಲಿತೆ. ಪಾಠಗಳು ನಿಜಕ್ಕೂ ಚೆನ್ನಾಗಿದ್ದವು. ಪರೀಕ್ಷೆಯ ದಿನ ಮಾತ್ರ, ಏಳನೇ ಪ್ರಶ್ನೆ ಮುಗಿಸಿ ಸುಮ್ಮನೆ ತಲೆಯೆತ್ತಿದರೆ, ಕಿಟಕಿಯ ಗಾಜಿನಾಚೆ ಒಂದು ಮೋಡ ಯಾವ ಅವಸರವೂ ಇಲ್ಲದೆ ಪಿಯಾನೋ ಆಗುತ್ತಿತ್ತು. ಅದು ಪೂರ್ತಿ ಆಗುವುದರೊಳಗೆ ಗಂಟೆ ಹೊಡೆಯಿತು.

ಹತ್ತಕ್ಕೆ ಏಳು. ತರಗತಿಗೇ ಕೊನೆಯವನು.

“ಪೋಷಕರ ಸಹಿ ಹಾಕಿಸ್ಕೊಂಡು ಬನ್ನಿ” ಎಂದು ಟೀಚರು ಉತ್ತರಪತ್ರಿಕೆ ಕೊಟ್ಟರು. ಸಂಜೆ ಹೆಂಡತಿಯ ಮುಂದೆ ಹಿಡಿದೆ. ಅವಳು ಕಣ್ಣಾಡಿಸಿ, “ನಾನು ಬರೀ ಹೆಂಡತಿ. ಈ ವಿಷಯದಲ್ಲಿ ನಿಮಗೆ ಪೋಷಕರು ಯಾರು ಅಂತ ನಿಮಗೇ ಗೊತ್ತು” ಎಂದು ಪಕ್ಕದ ಕೋಣೆ ತೋರಿಸಿದಳು.

ಮಿಣುಕಿ ಪತ್ರಿಕೆಯನ್ನು ಇಸಿದುಕೊಂಡು ಮೇಲಿನಿಂದ ಕೆಳಗೆ ಓದಿದಳು. ಬಿಟ್ಟುಹೋದ ಮೂರು ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ ಹೇಳಿಸಿಕೊಂಡಳು. ಆಮೇಲೆ ಪೆನ್ಸಿಲ್ ತೆಗೆದು, ನಾಲಿಗೆಯ ತುದಿಯನ್ನು ಹಲ್ಲಿಲ್ಲದ ಸಂದಿಯಲ್ಲಿಟ್ಟುಕೊಂಡು, ತನ್ನ ಪೂರ್ತಿ ಹೆಸರನ್ನು ದುಂಡಗೆ ಬರೆದಳು. ಕೆಳಗೆ ‘ಪೋಷಕರ ಅಭಿಪ್ರಾಯ’ ಎಂದು ಎರಡು ಗೆರೆ ಖಾಲಿಯಿತ್ತು. ಅಲ್ಲಿ ಹೀಗೆ ಬರೆದಳು:

‘ಮಗು ಒಳ್ಳೆಯದು. ಕಿಟಕಿ ಪಕ್ಕ ಕೂರಿಸಬೇಡಿ.’