ಡಾಂಬರಿನ ಮೇಲೆ ಗುಡ್ಡದ ಗಾಡಿ

ಮನುಷ್ಯನಿಗೆ ತಾನು ಬದುಕುತ್ತಿರುವ ಬದುಕಿಗೆ ಬೇಕಾದದ್ದಕ್ಕಿಂತ, ಎಂದೂ ಬದುಕದ ಬದುಕಿಗೆ ಬೇಕಾದ ಸಾಮಾನಿನ ಮೇಲೆಯೇ ಹೆಚ್ಚು ಮೋಹ. ನೂರು ಮೀಟರ್ ನೀರಿನಾಳದಲ್ಲೂ ನಡೆಯುವ ಕೈಗಡಿಯಾರ ಕಟ್ಟಿಕೊಂಡು ಬಕೆಟ್ ನೀರಿನಲ್ಲಿ ಸ್ನಾನ ಮಾಡುವವರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಗುಡ್ಡ, ಹಳ್ಳ, ಕಲ್ಲುದಾರಿಗೆಂದೇ ಮಾಡಿದ ಬೈಕು ಕೊಂಡು, ಕೊಪ್ಪಳದ ಮನೆಯಿಂದ ತಳಕಲ್ ಆಚೆಗಿನ ಪ್ರೌಢಶಾಲೆಗೆ ಡಾಂಬರು ರಸ್ತೆಯ ಮೇಲೆ ಎರಡು ವರ್ಷದಿಂದ ಓಡಾಡುತ್ತಿರುವ ವಿಜ್ಞಾನದ ಮಾಸ್ತರ ನಾನು.

ಈ ಹುಚ್ಚು ಹತ್ತಿದ್ದು ಸಾಣಾಪುರದಲ್ಲಿ. ಮಕ್ಕಳಿಗೆ ಕೆರೆ ತೋರಿಸಲು ಹೋಗಿದ್ದಾಗ ಯಾರೋ ಪ್ರವಾಸಿ ಇಂಥದೇ ಗಾಡಿಯಲ್ಲಿ ಬಂಡೆಯಿಂದ ಬಂಡೆಗೆ ಆಡಿನಂತೆ ಹತ್ತಿ ಹೋದ. ನಾನು ಮಕ್ಕಳನ್ನು ಎಣಿಸುವುದನ್ನೂ ಮರೆತು ನೋಡುತ್ತ ನಿಂತೆ. ಆರು ತಿಂಗಳಲ್ಲಿ ಗಂಗಾವತಿಯ ಒಬ್ಬರು ಬಳಸಿದ ಗಾಡಿ ನಮ್ಮ ಅಂಗಳಕ್ಕೆ ಬಂತು. ಏನು ಚೆಂದ ಅದು! ಮೈಮೇಲೆ ಚೂರೂ ಬೊಜ್ಜಿಲ್ಲ. ತೆಳ್ಳಗಿನ ಪೆಟ್ರೋಲ್ ಟಾಕಿ, ಹಲ್ಲು ಹಲ್ಲಾದ ಟೈರು, ನೆಟ್ಟಗಿನ ನಿಲುವು. ಹಿಂಬದಿ ಹಿಡಿದೆತ್ತಿ ಅಂಗಳದಲ್ಲೇ ತಿರುಗಿಸಿ ನಿಲ್ಲಿಸಬಹುದು. ಸ್ಪೀಡ್ ಬ್ರೇಕರ್ ಕಂಡರೆ ಬೇರೆಯವರ ಗಾಡಿಗಳು ನರಳುತ್ತವೆ. ಇದಕ್ಕೆ ಅದು ಬಂದದ್ದೂ ಗೊತ್ತಾಗುವುದಿಲ್ಲ. ಒಂದೇ ತೊಂದರೆ ಎಂದರೆ ಅದರ ಎತ್ತರಕ್ಕೂ ನನ್ನ ಎತ್ತರಕ್ಕೂ ಹೊಂದಿಕೆಯಿಲ್ಲ. ಕುಳಿತರೆ ಎಡಗಾಲಿನ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತದೆ. ಹಾಗಾಗಿ ಕಟ್ಟೆಯೋ ಕಲ್ಲೋ ಇದ್ದಲ್ಲಿ ಮಾತ್ರ ನಿಲ್ಲುತ್ತೇನೆ. ಪರಿಚಯದವರು ನಡುರಸ್ತೆಯಲ್ಲಿ ಕೈ ಮಾಡಿದರೆ ನಕ್ಕು ಮುಂದೆ ಹೋಗುತ್ತೇನೆ. ಮಾಸ್ತರಿಗೆ ಸೊಕ್ಕು ಬಂದಿದೆ ಎಂದು ಊರಲ್ಲಿ ಮಾತಾಗಿದೆ.

ನನ್ನ ಹೆಂಡತಿ ಸುವರ್ಣಾ ಕುಷ್ಟಗಿ ಕಡೆಯ ಒಕ್ಕಲುತನದ ಮನೆಯವಳು. ಕೆಲಸಕ್ಕೆ ಬಾರದ ಒಂದು ಹಗ್ಗವನ್ನೂ ಮನೆಯಲ್ಲಿ ಇಟ್ಟುಕೊಳ್ಳುವವಳಲ್ಲ.

"ಕುಂದ್ರು ಸೀಟು ಅಂದ್ರ ಹಲಗಿ. ಕಾಯಿಪಲ್ಯದ ಚೀಲ ತೂಗಹಾಕಾಕ ಒಂದು ಕೊಕ್ಕಿ ಇಲ್ಲ. ಸೀರಿ ಉಟ್ಟಾಕಿ ಹತ್ತಬೇಕಂದ್ರ ನಿಚ್ಚಣಿಕಿ ಬೇಕು. ಇದರಿಂದ ಮನಿಗೆ ಏನು ಉಪಯೋಗ ಐತಿ, ಒಂದರ ಹೇಳ್ರಿ," ಎಂದು ಈಚೆಗೆ ಒಂದು ದಿನ ಕೇಳಿದಳು.

ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ಈ ಒಂದು ಪ್ರಶ್ನೆಗೆ ಸೋತು ಗಾಡಿ ಮಾರಲು ಒಪ್ಪಿದೆ. ಹುಲಿಗಿಯ ಒಬ್ಬ ಗಿರಾಕಿಯನ್ನು ಹುಡುಕಿದವಳೂ ಅವಳೇ. ಅವರು ಭಾನುವಾರ ಬಂದು ಗಾಡಿ ಒಯ್ಯುವುದೆಂದು ಮಾತಾಯಿತು. ಆ ವಾರವಿಡೀ ನನಗೆ ಊಟ ಸೇರಲಿಲ್ಲ. ಗಾಡಿಯನ್ನು ದಿನಾ ಎರಡು ಸಲ ಒರೆಸಿದೆ.

ಶನಿವಾರ ತಳಕಲ್‌ನಲ್ಲಿ ಅವಳ ಗೆಳತಿಯ ಬಸುರಿ ಮಗಳ ಕುಬುಸದ ಕಾರ್ಯವಿತ್ತು. ಬಸ್ಸು ತಪ್ಪಿತು. "ಹೆಂಗೂ ನಾಳಿ ಹೋಗೂ ಗಾಡಿ, ಒಂದ್ಸಲ ಕುಂತುಬಿಡ್ತೀನಿ ನಡೀರಿ," ಎಂದು ಇಳಕಲ್ ಸೀರೆ ಉಟ್ಟವಳು ಮನೆಯ ಕಟ್ಟೆಯಿಂದ ಹತ್ತಿ ಒಂದೇ ಬದಿಗೆ ಕುಳಿತಳು. ತಳಕಲ್ ಇನ್ನೇನು ಬಂತು ಎನ್ನುವಾಗ ಅರ್ಧ ರಸ್ತೆಗೆ ಹೆಸರುಕಾಳಿನ ಬಳ್ಳಿ ಹರವಿದ್ದರು. ನಮ್ಮ ಕಡೆ ಪೀಕು ಕಿತ್ತರೆ ಡಾಂಬರು ರಸ್ತೆಯೇ ಕಣ. ಹೋಗಿ ಬರುವ ಗಾಡಿಗಳ ಗಾಲಿಯೇ ಕಾಯಿ ಒಡೆದು ಕಾಳು ಬಿಡಿಸಿಕೊಡುತ್ತದೆ. ಇದು ಅಪಾಯ, ಹೀಗೆ ಮಾಡಬಾರದು ಎಂದು ಮಕ್ಕಳಿಗೆ ಪಾಠ ಹೇಳುವವನು ನಾನೇ. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಒಬ್ಬ ಮುದುಕಿ ಕೈ ಅಡ್ಡ ಹಿಡಿದಳು. ಪಕ್ಕದಲ್ಲೇ ಸಣ್ಣ ಸೇತುವೆಯ ಕಟ್ಟೆ ಇತ್ತು, ನಿಂತೆ.

"ಯಪ್ಪಾ, ಇದರ ಮ್ಯಾಲೆ ಹಾಯ್ದು ಹೋಗ್ರಿ. ಮಳಿ ಬಂದ್ರ ಕಾಳೆಲ್ಲ ಕರ್ರಗಾಗಿ ಹೊಕ್ಕಾವು. ಲಾರಿ ಹಾಯ್ದ್ರ ಒಡದು ಬ್ಯಾಳಿ ಆಕ್ಕಾವು. ಫಟಫಟಿಯವರು ಜಾರ್ತೈತಿ ಅಂತ ಬಗಲಿಗೆ ಹೊಕ್ಕಾರ."

ಸುವರ್ಣಾ ಕಟ್ಟೆಗೆ ಇಳಿದಳು, ನಾನು ಹಾಯ್ದೆ. ಒಣಗಿದ ಕಾಯಿ ಚಟಚಟ ಎಂದವು. ಗಾಡಿ ಒಂದಿಷ್ಟೂ ಜಾರಲಿಲ್ಲ. ಮುದುಕಿ ಒಂದು ಹಿಡಿ ಎತ್ತಿ ಊದಿ ನೋಡಿ ಸುವರ್ಣಾಳ ಕೈಗೆ ಹಾಕಿದಳು.

"ನೋಡವಾ, ಒಂದು ಕಾಳು ಒಡದಿಲ್ಲ. ಗಾಡಿ ಹಗೂರ ಐತಿ, ಟೈರಿಗೆ ಹಲ್ಲೂ ಅದಾವ. ಭಾಳ ಛಲೋ ಗಾಡಿ. ಇನ್ನೊಂದು ಸುತ್ತು ಹಾಕಾಕ ಹೇಳು."

ನಾನು ತಿರುಗಿ ನೋಡುವಷ್ಟರಲ್ಲಿ ನನ್ನ ಹೆಂಡತಿ ಸೆರಗು ಸಿಗಿಸಿಕೊಂಡು, ಕೋಲು ಹಿಡಿದು ಬಳ್ಳಿ ತಿರುವುತ್ತಿದ್ದಳು. "ಅಂಚಿಗೆ ಉಳದೈತಿ ನೋಡ್ರಿ. ಬಗಲಿಗೆ ಬರ್ರಿ. ಇಷ್ಟು ಜೋರು ಹೊಡದ್ರ ಕಾಳು ಸಿಡಿತಾವು." ಸುತ್ತುಗಳ ಲೆಕ್ಕ ನಾನು ಬಿಟ್ಟೆ. ಒಮ್ಮೆ ತಿರುಗಿಸುವಾಗ ಹೆಬ್ಬೆರಳಿಗೆ ನೆಲ ಸಿಗದೆ ಬಳ್ಳಿಯ ಮೇಲೆ ಮಲಗಿಯೂ ಬಿಟ್ಟೆ, ಸೊಂಟ ಉಳುಕಿತು. ಇಬ್ಬರೂ ಓಡಿ ಬಂದು ಮೊದಲು ಗಾಡಿಯನ್ನು ಎತ್ತಿದರು. ಕೊನೆಯ ಚೀಲದ ಬಾಯಿ ಕಟ್ಟಿ ತಾಡಪತ್ರಿ ಹೊದಿಸಿದಾಗ ಮೊದಲ ಹನಿ ಬಿತ್ತು. ಮುದುಕಿ ಗಾಡಿಯ ಹ್ಯಾಂಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾವು ತೋಯಿಸಿಕೊಂಡೇ ಕುಬುಸಕ್ಕೆ ಹೋದೆವು. ಅಲ್ಲಿ ಸುವರ್ಣಾ ಬಂದವರಿಗೆಲ್ಲ ಹೇಳಿದ್ದು ಗಾಡಿಯ ಸುದ್ದಿಯನ್ನೇ.

ಭಾನುವಾರ ಹುಲಿಗಿಯವರು ಬಂದರು. ಅವರಿಗೆ ಚಹಾ ಕೊಟ್ಟು, "ತಪ್ಪು ತಿಳೀಬ್ಯಾಡ್ರಿ, ಗಾಡಿ ಕೊಡೂದಿಲ್ಲ. ಮನಿಗೆ ಉಪಯೋಗ ಐತಿ," ಎಂದಳು. ನಾನು ಒಳಗೆ ಹೋಗಿ ಒಬ್ಬನೇ ನಕ್ಕೆ. ಎರಡು ವರ್ಷದ ನನ್ನ ಪ್ರೀತಿಗೆ ಕೊನೆಗೂ ಬೆಲೆ ಸಿಕ್ಕಿತು ಎನ್ನಿಸಿತು.

ನಗು ಮುಗಿಯುವ ಮೊದಲೇ ಅವಳು ಕುಷ್ಟಗಿಗೆ ಫೋನು ಹಚ್ಚಿದ್ದಳು. "ಯವ್ವಾ, ಈ ಸಲ ತೊಗರಿ ರಾಶಿಗೆ ಕಾಳು ಬಿಡಸಾಕ ಯಾರನ್ನೂ ಹುಡುಕಬ್ಯಾಡ. ನಮ್ಮನ್ಯಾಗ ಗಾಡಿ ಐತಿ. ಹೊಡಿಯವ್ರಾ? ಅವರೂ ಬರ್ತಾರ, ಗಾಡಿ ಜೊತಿಗೆ." ಗಾಡಿಯನ್ನು ಆಗಲೇ ಸರ್ವಿಸ್ ಮಾಡಿಸಿದ್ದಾಳೆ. ನನ್ನ ಸೊಂಟದ ಬಗ್ಗೆ ಈವರೆಗೆ ಯಾರೂ ವಿಚಾರಿಸಿಲ್ಲ.